ಆರು ಕಾರ್ಡಿನ ಮೈನಿಂಗ್ ರಿಗ್: ದೋಷ ಕಾರ್ಡಿನಲ್ಲೋ, ಜೋಡಣೆಯಲ್ಲೋ?

ಪ್ರಶ್ನೆ: ಸರ್, ನಾನು ಚಳ್ಳಕೆರೆಯವನು, ಬಿ.ಎಸ್ಸಿ. ಮುಗಿಸಿದ್ದೇನೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡುಗಳನ್ನು ತಂದು ಮೈನಿಂಗ್ ರಿಗ್, ಅಂದರೆ ಕ್ರಿಪ್ಟೋ ನಾಣ್ಯ ಗಳಿಸಲು ಬಿಡದೆ ಲೆಕ್ಕ ಮಾಡುವ ಕಂಪ್ಯೂಟರ್ ಕಟ್ಟಿದ್ದೇನೆ. ನಾಲ್ಕು ಆರ್‌ಟಿಎಕ್ಸ್ 3060 ಟಿಐ, ಎರಡು ಆರ್‌ಎಕ್ಸ್ 580, ಎಲ್ಲವೂ 8 ಜಿಬಿಯವು. ಆರು ಸ್ಲಾಟಿನ ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಎರಡಿವೆ, 850 ವ್ಯಾಟಿನದೊಂದು, 650 ವ್ಯಾಟಿನದೊಂದು. ಕಾರ್ಡುಗಳ 8 ಪಿನ್ನಿನ ಪವರ್ ಸಾಕೆಟ್ಟಿಗೆಲ್ಲ ದೊಡ್ಡದರಿಂದ, ರೈಸರ್‌ಗಳಿಗೆಲ್ಲ (ಕಾರ್ಡನ್ನು ಮದರ್‌ಬೋರ್ಡಿನಿಂದ ದೂರವಿಟ್ಟು ಜೋಡಿಸುವ ಸಣ್ಣ ಬೋರ್ಡುಗಳು) ಚಿಕ್ಕದರಿಂದ ಕರೆಂಟ್ ಕೊಟ್ಟಿದ್ದೇನೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ದೇನೆ. ನಾಲ್ಕು ಕಾರ್ಡಿದ್ದರೆ ರಾತ್ರಿಯಿಡೀ ಓಡುತ್ತದೆ. ಐದನೆಯದು ಹಾಕಿದರೆ ಸಂಜೆ ಹೊತ್ತು ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಆರನೆಯದು ವಿಂಡೋಸ್‌ಗೆ ಕಾಣುವುದೇ ಇಲ್ಲ, ಕಂಡರೂ ಹಳದಿ ಗುರುತು ಬರುತ್ತದೆ. ಮೊನ್ನೆ ಒಂದು ರೈಸರಿನ ಸಾಟಾ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂತು. ಕಬ್ಬಿಣದ ಫ್ರೇಮ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ಮೆನ್ನುತ್ತದೆ. ಅಂಗಡಿಯವರು ಇನ್ನೂ ದೊಡ್ಡ ಎಸ್‌ಎಂಪಿಎಸ್ ಹಾಕು ಎನ್ನುತ್ತಾರೆ, ಸ್ನೇಹಿತ ಸ್ಟೆಬಿಲೈಸರ್ ಹಾಕು ಎನ್ನುತ್ತಾನೆ, ಇನ್ನೊಬ್ಬರು ಮೈನಿಂಗ್ ಮಾಡಿದ ಕಾರ್ಡು ಸತ್ತ ಕಾರ್ಡು ಎನ್ನುತ್ತಾರೆ. ಸಾಫ್ಟ್‌ವೇರ್ ಒಟ್ಟು 900 ವ್ಯಾಟ್ ತೋರಿಸುತ್ತದೆ, 1500 ವ್ಯಾಟ್ ಇದ್ದೂ ಸಾಲದೇಕೆ? ರಿಗ್ ಇರುವುದು ಮಹಡಿಯ ಶೀಟಿನ ಕೋಣೆಯಲ್ಲಿ, ಪಕ್ಕದಲ್ಲೇ ಶೇಂಗಾ ಎಣ್ಣೆ ಮಿಲ್ಲಿದೆ. ನಮ್ಮ ತೋಟದ ಪಂಪ್‌ಸೆಟ್ ಲೈನಿಗೆ ಬಿಲ್ಲಿಲ್ಲ, ಅಲ್ಲಿಗೆ ಸಾಗಿಸಬಹುದೇ? ಕಾರ್ಡುಗಳಿಗೆ ಮಾಡಿದ ಸಾಲ ತೀರುವಷ್ಟಾದರೂ ಇದರಿಂದ ಬರುತ್ತದೆಯೇ?

ಉತ್ತರ: ಮುಂದಿನದನ್ನು ಓದುವ ಮೊದಲು ರಿಗ್ಗನ್ನು ಆಫ್ ಮಾಡಿ, ಎರಡೂ ಪ್ಲಗ್ಗುಗಳನ್ನು ಗೋಡೆಯಿಂದ ಕಿತ್ತಿಡಿ. ಕಂದಾದ ಕನೆಕ್ಟರ್ ಮತ್ತು ಜುಮ್ಮೆನ್ನುವ ಫ್ರೇಮ್, ಇವೆರಡೂ ಸರಿಯಾಗುವವರೆಗೆ ಅದು ಒಂದು ನಿಮಿಷವೂ ಓಡಬಾರದು. ಉಳಿದದ್ದೆಲ್ಲ ಹಣದ ಮತ್ತು ತಾಳ್ಮೆಯ ಪ್ರಶ್ನೆ, ಇವೆರಡು ಮಾತ್ರ ಬೆಂಕಿಯ ಮತ್ತು ಜೀವದ ಪ್ರಶ್ನೆ.

ನಿಮ್ಮ ಪತ್ರದಲ್ಲಿ ಹಲವು ತೊಂದರೆಗಳು ಒಂದೇ ತೊಂದರೆಯಂತೆ ಬೆರೆತುಕೊಂಡಿವೆ. ಸಂಜೆಯ ರೀಸ್ಟಾರ್ಟ್, ಕಾಣದ ಆರನೆಯ ಕಾರ್ಡು, ಸುಟ್ಟ ಕನೆಕ್ಟರ್, ಅರ್ಥಿಂಗ್ ಇಲ್ಲದ ಫ್ರೇಮ್, ಇವುಗಳಿಗೆ ಕಾರಣಗಳು ಬೇರೆ ಬೇರೆ. ಒಂದೇ ಮದ್ದಿನಿಂದ ಎಲ್ಲವೂ ವಾಸಿಯಾಗಲಿ ಎಂದು ಹುಡುಕುವುದರಿಂದಲೇ ಒಬ್ಬರು ಎಸ್‌ಎಂಪಿಎಸ್ ಎನ್ನುತ್ತಾರೆ, ಇನ್ನೊಬ್ಬರು ಸ್ಟೆಬಿಲೈಸರ್ ಎನ್ನುತ್ತಾರೆ. ದಾವಣಗೆರೆಯಲ್ಲಿ ಹಾರ್ಡ್‌ವೇರ್ ದುರಸ್ತಿ ಮಾಡುತ್ತಾ ಇಂಥ ರಿಗ್‌ಗಳನ್ನು ನೋಡಿದ ಅನುಭವದಿಂದ ಹೇಳುವುದಾದರೆ, ಹಲವು ಕಾರ್ಡಿನ ಯಂತ್ರ ಕೈಕೊಟ್ಟಾಗ ದೋಷ ಕಾರ್ಡಿನೊಳಗೆ ಇರುವುದು ಅಪರೂಪ. ಅದು ಎರಡು ವಸ್ತುಗಳು ಕೂಡುವ ಜಾಗದಲ್ಲಿರುತ್ತದೆ: ಪಿನ್ನು, ರೈಸರ್, ಕೇಬಲ್, ಸಾಕೆಟ್ಟು, ಗೋಡೆಯೊಳಗಿನ ವೈರು. ಹಾಗಾಗಿ ಕಾರ್ಡುಗಳ ಮೇಲೆ ತೀರ್ಪು ಕೊಡುವ ಮುನ್ನ ಈ ಕೂಡುವ ಜಾಗಗಳನ್ನು ಒಂದೊಂದಾಗಿ ನೋಡೋಣ.

ಸುಟ್ಟ ಕನೆಕ್ಟರಿನಿಂದ ಆರಂಭಿಸುತ್ತೇನೆ. ಗ್ರಾಫಿಕ್ಸ್ ಕಾರ್ಡು ತನ್ನ ಸ್ಲಾಟಿನ ಮೂಲಕ 75 ವ್ಯಾಟ್‌ವರೆಗೆ ಎಳೆದುಕೊಳ್ಳಲು ಪಿಸಿಐಇ (ಕಾರ್ಡು ಮತ್ತು ಮದರ್‌ಬೋರ್ಡಿನ ಜೋಡಣೆಯ) ನಿಯಮದಲ್ಲಿ ಅವಕಾಶವಿದೆ. ರೈಸರ್ ಹಾಕಿದಾಗ ಆ 75 ವ್ಯಾಟನ್ನು ಮದರ್‌ಬೋರ್ಡಿನ ಬದಲು ರೈಸರಿನ ಪವರ್ ಕನೆಕ್ಟರ್ ಒದಗಿಸಬೇಕು. ಸಾಟಾ ಕನೆಕ್ಟರ್ ಹುಟ್ಟಿದ್ದು ಹಾರ್ಡ್‌ಡಿಸ್ಕಿಗಾಗಿ. ಅದರಲ್ಲಿ 12 ವೋಲ್ಟಿಗೆ ಮೂರು ಸಣ್ಣ ಪಿನ್ನುಗಳಿವೆ, ಒಂದೊಂದರ ತಾಕತ್ತು 1.5 ಆಂಪಿಯರ್, ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಕೇಳುವವನಿಗೆ 75 ಬೇಕು, ಕೊಡುವವನಲ್ಲಿ 54 ಇದೆ. ಗಂಟೆಗಟ್ಟಲೆ ಓಡುವಾಗ ಆ ಪಿನ್ನುಗಳು ಬಿಸಿಯಾಗಿ ಹಿಡಿತ ಸಡಿಲಾಗುತ್ತದೆ, ಸಡಿಲಾದಲ್ಲಿ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಲ್ಲಿ ಇನ್ನಷ್ಟು ಬಿಸಿ. ನಿಮ್ಮ ಆರ್‌ಎಕ್ಸ್ 580 ವರ್ಗದ ಕಾರ್ಡುಗಳು ಸ್ಲಾಟಿನಿಂದ ಧಾರಾಳವಾಗಿಯೇ ಎಳೆಯುತ್ತವೆ, ಆದ್ದರಿಂದ ಕಂದಾದದ್ದು ಅವುಗಳಲ್ಲೊಂದರ ರೈಸರ್ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ರೈಸರಿನ ಜೊತೆ ಡಬ್ಬಿಯಲ್ಲಿ ಬರುವ ಆ ಸಾಟಾ ಅಡಾಪ್ಟರ್ ತುಂಡು ವೈರುಗಳನ್ನು ಎಸೆದುಬಿಡಿ, ಚೆನ್ನಾಗಿ ಕಾಣುತ್ತಿದ್ದರೂ ಎಸೆಯಿರಿ. 6 ಪಿನ್ನಿನ ಸಾಕೆಟ್ ಇರುವ ರೈಸರ್‌ಗಳನ್ನು ಕೊಂಡು, ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಪಿಸಿಐಇ ಕೇಬಲನ್ನೇ ಅವುಗಳಿಗೆ ಕೊಡಿ. ಕಂದಾದ ಕನೆಕ್ಟರಿಗೆ ಎದುರಾಗಿದ್ದ ರೈಸರನ್ನೂ ಮತ್ತೆ ಬಳಸಬೇಡಿ, ಅದರ ಪಿನ್ನು ಈಗಾಗಲೇ ಬೆಂದಿರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ನೀವು ಎರಡು ಎಸ್‌ಎಂಪಿಎಸ್‌ಗಳಿಗೆ ಕೆಲಸ ಹಂಚಿದ ರೀತಿಯಲ್ಲಿದೆ. ಒಂದು ಕಾರ್ಡಿನ 8 ಪಿನ್ ಒಂದರಿಂದ, ಅದೇ ಕಾರ್ಡಿನ ರೈಸರ್ ಇನ್ನೊಂದರಿಂದ ಎಂದಾದರೆ, ಎರಡರಲ್ಲಿ ಒಂದು ಕ್ಷಣಮಾತ್ರ ತಡವರಿಸಿದರೂ ಕಾರ್ಡು ಅರ್ಧ ಜೀವದಲ್ಲಿ ನಿಲ್ಲುತ್ತದೆ. ಕಾರ್ಡು ಮತ್ತು ಅದರ ರೈಸರ್ ಯಾವಾಗಲೂ ಒಂದೇ ಎಸ್‌ಎಂಪಿಎಸ್‌ನಿಂದ ಕರೆಂಟ್ ಪಡೆಯಬೇಕು. ನಿಮ್ಮ ಲೆಕ್ಕಕ್ಕೂ ಉತ್ತರ ಇಲ್ಲೇ ಇದೆ. 1500 ವ್ಯಾಟ್ ಎಂಬುದು ಒಂದೇ ರಾಶಿಯಲ್ಲ. 3060 ಟಿಐ ಕಾರ್ಡಿನ ಮೂಲ ಬಳಕೆ 200 ವ್ಯಾಟ್, ಆರ್‌ಎಕ್ಸ್ 580ರದು 185 ವ್ಯಾಟ್. ಆರು ಕಾರ್ಡುಗಳೂ ಕಂಪನಿಯ ವೇಗದಲ್ಲೇ ಓಡಿದರೆ 1170 ವ್ಯಾಟ್, ಬೋರ್ಡು ಮತ್ತು ಪ್ರೊಸೆಸರಿಗೆ ಇನ್ನೊಂದು 60-70. ಇದರಲ್ಲಿ 8 ಪಿನ್ನುಗಳ ಪಾಲೇ ಹೆಚ್ಚು, ಅದನ್ನೆಲ್ಲ 850 ವ್ಯಾಟಿನದು ಹೊರಬೇಕು. ಅಂದರೆ ದೊಡ್ಡದು ತನ್ನ ಮಿತಿಯಲ್ಲಿ ಏದುಸಿರು ಬಿಡುವಾಗ ಚಿಕ್ಕದು ಅರೆಬರೆ ಕೆಲಸದಲ್ಲಿ ಕುಳಿತಿರುತ್ತದೆ.

ಸಾಫ್ಟ್‌ವೇರ್ ತೋರಿಸುವ 900 ವ್ಯಾಟನ್ನೂ ಪೂರ್ತಿ ನಂಬಬೇಡಿ. ನಿಮ್ಮ 3060 ಟಿಐನಂಥ ಎನ್‌ವಿಡಿಯಾ ಕಾರ್ಡುಗಳು ಇಡೀ ಕಾರ್ಡಿನ ಬಳಕೆಯನ್ನು ಹೇಳುತ್ತವೆ. ಆರ್‌ಎಕ್ಸ್ 580 ಪೀಳಿಗೆಯ ಎಎಂಡಿ ಕಾರ್ಡುಗಳು ಮುಖ್ಯ ಚಿಪ್ಪಿನ ಬಳಕೆಯನ್ನಷ್ಟೇ ಹೇಳುತ್ತವೆ, ಮೆಮೊರಿ, ಫ್ಯಾನು ಮತ್ತು ಪವರ್ ಸರ್ಕ್ಯೂಟಿನ ನಷ್ಟ ಅದರಲ್ಲಿ ಸೇರಿರುವುದಿಲ್ಲ. ಪರದೆಯ ಮೇಲೆ 80 ವ್ಯಾಟ್ ಎಂದಿರುವ 580 ನಿಜವಾಗಿ 110ರ ಆಸುಪಾಸಿನಲ್ಲಿ ಎಳೆಯುತ್ತಿರುತ್ತದೆ. ಇದರ ಮೇಲೆ ಎಸ್‌ಎಂಪಿಎಸ್ ತನ್ನೊಳಗೆ ಕಳೆದುಕೊಳ್ಳುವ ಶೇ 10ರಷ್ಟನ್ನು ಸೇರಿಸಿದರೆ ಗೋಡೆಯಿಂದ ಹೋಗುವ ಕರೆಂಟ್ ಎಷ್ಟೆಂದು ತಿಳಿಯುತ್ತದೆ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಒಂದನ್ನು ಕೊಳ್ಳಿ. ಈ ಹವ್ಯಾಸದಲ್ಲಿ ಅದಕ್ಕಿಂತ ಉಪಯುಕ್ತವಾದ ಸಣ್ಣ ಖರ್ಚು ಇನ್ನೊಂದಿಲ್ಲ.

ಹಂಚಿಕೆ ಹೀಗಿರಲಿ: 850 ವ್ಯಾಟಿನದಕ್ಕೆ ಮದರ್‌ಬೋರ್ಡು ಮತ್ತು ಮೂರು 3060 ಟಿಐ, ಅವುಗಳ ರೈಸರ್ ಸಮೇತ. 650 ವ್ಯಾಟಿನದಕ್ಕೆ ಉಳಿದ ಒಂದು 3060 ಟಿಐ ಮತ್ತು ಎರಡೂ 580, ಅವುಗಳ ರೈಸರ್ ಸಮೇತ. ದಿನವಿಡೀ ಓಡುವ ಯಂತ್ರಕ್ಕೆ ಎಸ್‌ಎಂಪಿಎಸ್‌ನ ಶೇ 80ಕ್ಕಿಂತ ಹೆಚ್ಚು ಹೊರೆ ಹೇರಬಾರದು. ಮೂಲ ವೇಗದಲ್ಲಿ ಚಿಕ್ಕದರ ಮೇಲೆ 570 ವ್ಯಾಟ್ ಬೀಳುತ್ತದೆ, ಅದು ಹೆಚ್ಚಾಯಿತು. ಆದ್ದರಿಂದ ಕಾರ್ಡುಗಳ ಪವರ್ ಮಿತಿಯನ್ನು ಇಳಿಸಿದ ಮೇಲಷ್ಟೇ ಆರನ್ನೂ ಒಟ್ಟಿಗೆ ಓಡಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ರೀಸ್ಟಾರ್ಟ್ ಆದಾಗ ಇಳಿಸಿದ ಸೆಟ್ಟಿಂಗ್ ಹೋಗಿ ಮೂಲ ಸೆಟ್ಟಿಂಗ್ ಬಂದಿರುತ್ತದೆ. ಮೈನಿಂಗ್ ಪ್ರೋಗ್ರಾಂ ಮೊದಲೇ ಶುರುವಾದರೆ ಪೂರ್ತಿ ಹೊರೆ ಒಮ್ಮೆಲೇ ಬೀಳುತ್ತದೆ. ಸೆಟ್ಟಿಂಗ್ ಜಾರಿಯಾದ ಒಂದೆರಡು ನಿಮಿಷದ ನಂತರವೇ ಮೈನಿಂಗ್ ಶುರುವಾಗುವಂತೆ ವಿಳಂಬ ಇಡಿ. ಮತ್ತೊಂದು ಮಾತನ್ನು ಒತ್ತಿ ಹೇಳುತ್ತೇನೆ. ಬಿಚ್ಚಿ ಹಾಕುವ ಕೇಬಲ್ ಇರುವ ಎಸ್‌ಎಂಪಿಎಸ್‌ಗಳಲ್ಲಿ ಒಂದು ಕಂಪನಿಯ ಕೇಬಲನ್ನು ಇನ್ನೊಂದಕ್ಕೆ ಎಂದಿಗೂ ಹಾಕಬೇಡಿ. ಪ್ಲಗ್ಗು ಕೂತರೂ ಒಳಗಿನ ವೈರುಗಳ ಕ್ರಮ ಬೇರೆ ಇರಬಹುದು, ಸ್ವಿಚ್ ಹಾಕಿದ ಕ್ಷಣವೇ ಕಾರ್ಡು ಹೋಗಬಹುದು.

ಇನ್ನು ಸಂಜೆಯ ರೀಸ್ಟಾರ್ಟ್. ಎಣ್ಣೆ ಮಿಲ್ಲಿನ ಪಕ್ಕದಲ್ಲಿರುವವರಿಗೆ ಇದು ಹೊಸದಲ್ಲ, ಮಿಲ್ಲಿನ ಮೋಟಾರು ಶುರುವಾದಾಗ ಮನೆಯ ಬಲ್ಬು ಒಮ್ಮೆ ಮಂಕಾಗುವುದನ್ನು ನೀವು ನೋಡಿರುತ್ತೀರಿ. ನೇರವಾಗಿ ಲೈನಿಗೆ ಹಾಕುವ ಇಂಡಕ್ಷನ್ ಮೋಟಾರು ಹೊರಡುವಾಗ ತನ್ನ ಸಾಮಾನ್ಯ ಕರೆಂಟಿನ ಐದರಿಂದ ಏಳು ಪಟ್ಟು ಎಳೆಯುತ್ತದೆ, ಅದೇ ಟ್ರಾನ್ಸ್‌ಫಾರ್ಮರಿನಿಂದ ಬರುವ ನಿಮ್ಮ ಲೈನಿನಲ್ಲಿ ವೋಲ್ಟೇಜ್ ಆ ಹೊತ್ತಿಗೆ ಕುಸಿಯುತ್ತದೆ. ಎಸ್‌ಎಂಪಿಎಸ್‌ನೊಳಗಿನ ಕೆಪಾಸಿಟರಿನಲ್ಲಿ ಇಂಥ ಕುಸಿತವನ್ನು ದಾಟಲು ಸ್ವಲ್ಪ ದಾಸ್ತಾನು ಇರುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಭಾರೀ ಹೊರೆಯಲ್ಲೂ ಸುಮಾರು 16-17 ಮಿಲಿ ಸೆಕೆಂಡ್ ತಡೆಯುವಂತೆ ಮಾಡಿರುತ್ತಾರೆ, ಇದು ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಆವರ್ತನಕ್ಕಿಂತಲೂ ಕಡಿಮೆ. ಹೊರೆ ಹೆಚ್ಚಿದಷ್ಟೂ ಈ ದಾಸ್ತಾನು ಬೇಗ ಮುಗಿಯುತ್ತದೆ. ನಾಲ್ಕು ಕಾರ್ಡಿದ್ದಾಗ ದಾಟಿಹೋಗುತ್ತಿದ್ದ ಕುಸಿತವನ್ನು ಐದು ಕಾರ್ಡಿದ್ದಾಗ ದಾಟಲಾಗದಿರುವುದಕ್ಕೆ ಇದೇ ವಿವರಣೆ. ಐದನೆಯ ಕಾರ್ಡು ಕೆಟ್ಟಿದೆ ಎಂದು ಇದರಿಂದ ತೀರ್ಮಾನಿಸಲಾಗದು.

ಇದು ಊಹೆಯಾಗಿ ಉಳಿಯಬೇಕಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ರೀಸ್ಟಾರ್ಟ್ ಆದ ಸಮಯವನ್ನು ನೋಡಿ. ಅಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆಯೊಂದೇ ಇದ್ದು, ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ವಿಂಡೋಸ್ ಕುಸಿದ ಕಾರಣ ಹೇಳುವ ಸಂಖ್ಯೆ) ಸೊನ್ನೆ ಎಂದಿದ್ದರೆ ಸಾಮಾನ್ಯವಾಗಿ ಯಂತ್ರಕ್ಕೆ ಕರೆಂಟೇ ತಪ್ಪಿದೆ ಎಂದರ್ಥ. ಅದಕ್ಕೆ ಮುಂಚೆ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುತ್ತಿಲ್ಲ ಎಂಬ 4101 ದಾಖಲೆ ಇದ್ದರೆ ದೋಷ ಕಾರ್ಡಿನ ವೇಗದ ಸೆಟ್ಟಿಂಗಿನಲ್ಲಿ ಅಥವಾ ರೈಸರಿನಲ್ಲಿರುವ ಸಾಧ್ಯತೆ ಹೆಚ್ಚು. ಆ ಸಮಯವನ್ನು ಮಿಲ್ಲು ಶುರುವಾಗುವ ಹೊತ್ತಿನೊಂದಿಗೆ ಕೆಲವು ದಿನ ಹೋಲಿಸಿ ಬರೆದಿಡಿ.

ಸ್ಟೆಬಿಲೈಸರಿನಿಂದ ಇದು ಸರಿಹೋಗುತ್ತದೆ ಎಂಬುದು ನಂಬಿಕೆ ಮಾತ್ರ. ರಿಲೇ ಸ್ಟೆಬಿಲೈಸರ್ ಟ್ಯಾಪ್ (ವೋಲ್ಟೇಜಿನ ಮೆಟ್ಟಿಲು) ಬದಲಿಸುವಾಗ ತಾನೇ ಒಂದು ಸಣ್ಣ ಕಡಿತವನ್ನು ಸೇರಿಸುತ್ತದೆ, ಸರ್ವೋ ಸ್ಟೆಬಿಲೈಸರಿನ ಮೋಟಾರು ತಿರುಗಿ ಸರಿಪಡಿಸುವಷ್ಟರಲ್ಲಿ ಕುಸಿತ ಮುಗಿದೇ ಹೋಗಿರುತ್ತದೆ. ಗಂಟೆಗಟ್ಟಲೆ ವೋಲ್ಟೇಜ್ ಕಡಿಮೆ ಇರುವ ಊರುಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಕ್ಷಣದ ಕುಸಿತಕ್ಕಲ್ಲ. ಮನೆಯ ಇನ್ವರ್ಟರಿಗೋ 600 ವಿಎ ಯುಪಿಎಸ್‌ಗೋ ಇಷ್ಟು ಹೊರೆ ಹಾಕಬಾರದು, ಅವು ಇದಕ್ಕಾಗಿ ಇರುವವಲ್ಲ. ಭರವಸೆಯಿಂದ ತಡೆಯುವುದು ಆನ್‌ಲೈನ್ ಯುಪಿಎಸ್, ಆದರೆ ಅದರ ಬೆಲೆಯಲ್ಲಿ ನಿಮ್ಮ ಲೆಕ್ಕಾಚಾರವೆಲ್ಲ ಬುಡಮೇಲಾಗುತ್ತದೆ. ನನ್ನ ಸಲಹೆ ಸರಳ: ಹೊರೆಯನ್ನು ಸರಿಯಾಗಿ ಹಂಚಿ, ಪವರ್ ಮಿತಿ ಇಳಿಸಿ, ಎಸ್‌ಎಂಪಿಎಸ್‌ಗಳಿಗೆ ಉಸಿರಾಡಲು ಜಾಗ ಕೊಡಿ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಕರೆಂಟ್ ಬಂದೊಡನೆ ತಾನಾಗಿ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿಡಿ. ತಿಂಗಳಿಗೆ ಒಂದೆರಡು ಬಾರಿ ರೀಸ್ಟಾರ್ಟ್ ಆದರೆ ಆಗಲಿ.

ಗೋಡೆಯ ಕಡೆಯ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ. 1400 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ 6 ಆಂಪಿಯರ್. ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ ಎಸ್‌ಎಂಪಿಎಸ್ ತನಗೆ ಬೇಕಾದಷ್ಟು ವ್ಯಾಟನ್ನು ಬಿಡದೆ ಎಳೆಯುವುದರಿಂದ ಕರೆಂಟ್ 7.4 ಆಂಪಿಯರಿಗೆ ಏರುತ್ತದೆ. ಹೀಗೆ ವೋಲ್ಟೇಜ್ ಇಳಿದಾಗಲೇ ವೈರು ಹೆಚ್ಚು ಬಿಸಿಯಾಗುವುದು, ಹಲವರು ಇದನ್ನು ತಿರುವು ಮುರುವಾಗಿ ತಿಳಿದಿರುತ್ತಾರೆ. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬಾಕ್ಸು ಈ ಕೆಲಸಕ್ಕೆ ತಕ್ಕದ್ದಲ್ಲ. ಮೇನ್ ಬೋರ್ಡಿನಿಂದಲೇ ಬೇರೆಯಾಗಿ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಅದಕ್ಕೆ ಪ್ರತ್ಯೇಕ ಎಂಸಿಬಿ (ಹೊರೆ ಮಿತಿಮೀರಿದರೆ ಕರೆಂಟ್ ಕಡಿಯುವ ಸ್ವಿಚ್), ಕೊನೆಯಲ್ಲಿ ಎರಡು 16 ಆಂಪಿಯರ್ ಸಾಕೆಟ್ಟು, ಇವಿಷ್ಟು ಕನಿಷ್ಠ. ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಲೀಕೇಜ್ ಆದರೆ ಕರೆಂಟ್ ಕಡಿಯುವ ಸ್ವಿಚ್) ಇರಲಿ.

ಫ್ರೇಮ್ ಜುಮ್ಮೆನ್ನುವುದಕ್ಕೆ ಕಾರಣ ಅರ್ಥಿಂಗ್ ಇಲ್ಲದಿರುವುದು. ಎಸ್‌ಎಂಪಿಎಸ್‌ನ ಫಿಲ್ಟರಿನಲ್ಲಿ ಲೈನು ಮತ್ತು ನ್ಯೂಟ್ರಲ್‌ಗಳಿಂದ ಅದರ ಕಬ್ಬಿಣದ ಹೊದಿಕೆಯ ಕಡೆಗೆ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ಥ್ ಸಿಗದಿದ್ದರೆ ಕಬ್ಬಿಣದ ಹೊದಿಕೆ ಮೇನ್ಸಿನ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಆ ಕರೆಂಟು ಅತಿ ಸಣ್ಣದು, ಆದರೆ ಒಳಗೆ ನಿಜವಾದ ಲೀಕೇಜ್ ಆದ ದಿನ ನಿಮ್ಮನ್ನು ಕಾಯುವುದಕ್ಕೆ ಏನೂ ಇಲ್ಲ ಎಂಬುದನ್ನೇ ಅದು ಹೇಳುತ್ತಿದೆ. ನಮ್ಮ ಕಡೆ ಮನೆ ಕಟ್ಟಿದಾಗ ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥ್ ಗುಂಡಿಗೆ ಮತ್ತೆ ಯಾರೂ ನೀರು ಹಾಕುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಒಣ, ಕಲ್ಲು ನೆಲದಲ್ಲಿ ಬೇಸಗೆ ಬಂದರೆ ಅದು ಹೆಸರಿಗೆ ಮಾತ್ರ ಅರ್ಥ್. ಮೊದಲು ಸಾಕೆಟ್ಟಿನ ಅರ್ಥ್ ಪಿನ್ನಿಗೆ ವೈರು ಬಂದಿದೆಯೇ ನೋಡಿಸಿ. ಬಂದಿದ್ದರೆ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಹೊರೆ ಇರುವಾಗ ಅಳೆಯಲು ಹೇಳಿ, ಅದು ಎರಡು ಮೂರು ವೋಲ್ಟಿನೊಳಗೆ ಇರಬೇಕು. ಗುಂಡಿಗೆ ಬೇಸಗೆಯಲ್ಲಿ ನೀರು ತಪ್ಪಿಸಬೇಡಿ.

ಆರನೆಯ ಕಾರ್ಡಿನ ಕಥೆ ಇದಕ್ಕಿಂತ ಸುಲಭ. ಹಳದಿ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಕೋಡ್ 12 ಎಂದು ಬರುತ್ತಿದೆಯೇ ನೋಡಿ. ಹಾಗಿದ್ದರೆ ಬೋರ್ಡಿಗೆ ಅಷ್ಟು ಕಾರ್ಡುಗಳಿಗೆ ವಿಳಾಸ ಕೊಡಲು ಜಾಗ ಸಾಲುತ್ತಿಲ್ಲ. ಬಯೋಸ್‌ನಲ್ಲಿ ಅಬೋವ್ 4ಜಿ ಡಿಕೋಡಿಂಗ್ ಎಂಬುದನ್ನು ಆನ್ ಮಾಡಿ, ಪಿಸಿಐಇ ವೇಗವನ್ನು ಆಟೋದಿಂದ ಜೆನ್ 1 ಅಥವಾ ಜೆನ್ 2ಕ್ಕೆ ಇಳಿಸಿ, ಮೊದಲ ಡಿಸ್‌ಪ್ಲೇಯನ್ನು ಪ್ರೊಸೆಸರಿನ ಗ್ರಾಫಿಕ್ಸಿಗೆ ಕೊಡಿ, ಬಳಸದ ಆಡಿಯೊವನ್ನು ಆಫ್ ಮಾಡಿ. ವೇಗ ಇಳಿಸಿದರೆ ಗಳಿಕೆ ಇಳಿಯುವುದಿಲ್ಲ, ಮೈನಿಂಗಿನಲ್ಲಿ ಕಾರ್ಡು ಮತ್ತು ಬೋರ್ಡಿನ ನಡುವೆ ಹರಿಯುವ ಮಾಹಿತಿ ಬಹಳ ಕಡಿಮೆ. ಬದಲಿಗೆ ರೈಸರಿನ ಉದ್ದನೆಯ ಕೇಬಲಿನಲ್ಲಿ ಸಿಗ್ನಲ್ ಗಟ್ಟಿಯಾಗಿ ನಿಲ್ಲುತ್ತದೆ. ಆ ನೀಲಿ ಕೇಬಲ್ ನೋಡಲು ಯುಎಸ್‌ಬಿಯಂತಿದ್ದರೂ ಅದರಲ್ಲಿ ಹರಿಯುವುದು ಪಿಸಿಐಇ ಸಿಗ್ನಲ್, ಅದನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಚುಚ್ಚಬಾರದು. ನಿಮ್ಮ ಎಸ್‌ಎಸ್‌ಡಿ ಎಂ.2 ಬಗೆಯದಾಗಿದ್ದರೆ (ಕೇಬಲಿಲ್ಲದೆ ಬೋರ್ಡಿಗೇ ಕೂರುವಂಥದ್ದು) ಬೋರ್ಡಿನ ಕೈಪಿಡಿಯನ್ನೂ ತೆರೆಯಿರಿ. ಕೆಲವು ಬೋರ್ಡುಗಳಲ್ಲಿ ಎಂ.2 ಬಳಸಿದರೆ ಒಂದು ಸ್ಲಾಟು ತಾನಾಗಿ ಮುಚ್ಚಿಹೋಗುತ್ತದೆ. ವಿಂಡೋಸ್‌ನ ವರ್ಚುವಲ್ ಮೆಮೊರಿಯೂ (ಎಸ್‌ಎಸ್‌ಡಿಯಲ್ಲಿ ಮೆಮೊರಿಯಂತೆ ಬಳಸುವ ಜಾಗ, ಅಂದರೆ ಪೇಜ್ ಫೈಲ್) ಸಾಲದೆ ಬಂದಿರಬಹುದು. ಆರು ಕಾರ್ಡುಗಳ ಮೆಮೊರಿ ಸೇರಿ 48 ಜಿಬಿ ಆಗುತ್ತದೆ, ಪೇಜ್ ಫೈಲನ್ನು ಅದಕ್ಕಿಂತ ತುಸು ಹೆಚ್ಚಾಗಿ, 55-60 ಜಿಬಿಗೆ ನೀವೇ ನಿಗದಿ ಮಾಡಿ.

ಇಷ್ಟಾದ ಮೇಲೆ ಯಂತ್ರವನ್ನು ಸ್ಥಿರಗೊಳಿಸುವ ಕೆಲಸ. ಇಲ್ಲಿ ಆತುರಪಟ್ಟವರೇ ಹೆಚ್ಚು ದಿನ ಕಳೆಯುತ್ತಾರೆ. ಎಲ್ಲ ಕಾರ್ಡುಗಳ ಓವರ್‌ಕ್ಲಾಕ್ (ಮೂಲಕ್ಕಿಂತ ಏರಿಸಿದ ವೇಗ) ತೆಗೆದುಹಾಕಿ, ಪವರ್ ಮಿತಿಯನ್ನು ಮಾತ್ರ ಇಳಿಸಿ, ಒಂದೇ ಕಾರ್ಡಿನಿಂದ ಆರಂಭಿಸಿ. ಒಂದು ಇಡೀ ದಿನ ತೊಂದರೆಯಿಲ್ಲದೆ ಓಡಿದರೆ ಮುಂದಿನದನ್ನು ಸೇರಿಸಿ. ಎಲ್ಲಿ ಎಡವಿತೋ ಅಲ್ಲಿ ಆ ಕಾರ್ಡನ್ನು ಸರಿಯಾಗಿ ಓಡಿದ ರೈಸರಿಗೂ, ಆ ರೈಸರನ್ನು ಸರಿಯಾಗಿ ಓಡಿದ ಕಾರ್ಡಿಗೂ ಅದಲು ಬದಲು ಮಾಡಿ. ದೋಷ ಕಾರ್ಡಿನ ಹಿಂದೆ ಹೋಯಿತೋ, ರೈಸರಿನ ಹಿಂದೆ ಹೋಯಿತೋ, ಸ್ಲಾಟಿನಲ್ಲೇ ಉಳಿಯಿತೋ ಎಂದು ನೋಡಿದರೆ ಯಾರ ಅಭಿಪ್ರಾಯವನ್ನೂ ಕೇಳಬೇಕಿಲ್ಲ. ನನ್ನ ಬಳಿ ಸತ್ತಿದೆ ಎಂದು ತಂದ ಕಾರ್ಡುಗಳಲ್ಲಿ ಎಷ್ಟೋ ಹೊಸ ರೈಸರಿಗೆ ಹಾಕಿದೊಡನೆ ಎದ್ದು ಕೂತಿವೆ.

ಆಮೇಲೆ ಟ್ಯೂನಿಂಗ್. ಎಥೀರಿಯಂ ಕ್ಲಾಸಿಕ್ ಎಂಬ ನಾಣ್ಯದ ಎಟ್‌ಚಾಶ್‌ನಂಥ ಲೆಕ್ಕ ಮೆಮೊರಿಯ ವೇಗದ ಮೇಲೆ ನಿಂತಿದೆ. ಅಲ್ಲಿ ಚಿಪ್ಪಿನ ವೇಗ ಮತ್ತು ವೋಲ್ಟೇಜ್ ಇಳಿಸಿ ಮೆಮೊರಿಯನ್ನು ಮಾತ್ರ ಮೆಲ್ಲಗೆ ಏರಿಸಬೇಕು. 3060 ಟಿಐ ಹೀಗೆ ಸುಮಾರು 120 ವ್ಯಾಟಿನಲ್ಲಿ ಸೆಕೆಂಡಿಗೆ 60 ಮೆಗಾಹ್ಯಾಶ್‌ನ (ಆರು ಕೋಟಿ ಲೆಕ್ಕಗಳ) ಹತ್ತಿರ ಕೊಡುತ್ತದೆ. ರೇವನ್‌ಕಾಯಿನ್ ನಾಣ್ಯದ ಕಾಪೌ ಲೆಕ್ಕ ಹಾಗಲ್ಲ, ಅದು ಚಿಪ್ಪನ್ನೂ ದುಡಿಸುತ್ತದೆ, ಕರೆಂಟ್ ಹೆಚ್ಚು ತಿನ್ನುತ್ತದೆ. ಒಂದರಲ್ಲಿ ವಾರಗಟ್ಟಲೆ ನಿಂತ ಸೆಟ್ಟಿಂಗ್ ಇನ್ನೊಂದರಲ್ಲಿ ಹತ್ತು ನಿಮಿಷವೂ ನಿಲ್ಲದಿರಬಹುದು, ಆದ್ದರಿಂದ ನಾಣ್ಯ ಬದಲಿಸಿದಾಗ ಸೆಟ್ಟಿಂಗನ್ನೂ ಮೊದಲಿನಿಂದ ಕಟ್ಟಬೇಕು. ಮೆಮೊರಿ ಏರಿಸಿದಷ್ಟೂ ಗಳಿಕೆ ಎಂಬುದು ಪರದೆಯ ಮೇಲಿನ ಸಂಖ್ಯೆಗೆ ಮಾತ್ರ ನಿಜ. ಪೂಲ್‌ನವರು (ಹಲವು ಮೈನರುಗಳ ದುಡಿಮೆ ಸೇರಿಸಿ ಗಳಿಕೆ ಹಂಚುವವರು) ಲೆಕ್ಕಕ್ಕೆ ಹಿಡಿಯುವುದು ಸರಿಯಾದ ಶೇರುಗಳನ್ನು, ಅಂದರೆ ನಿಮ್ಮ ಕಾರ್ಡು ಕಳಿಸಿದ ಸರಿಯುತ್ತರಗಳನ್ನು. ಇನ್‌ವ್ಯಾಲಿಡ್ ಎಂದು ಬರುತ್ತಿದ್ದರೆ ಒಂದೆರಡು ಮೆಟ್ಟಿಲು ಕೆಳಗಿಳಿಯಿರಿ.

ಮೈನಿಂಗ್ ಮಾಡಿದ ಕಾರ್ಡು ಸತ್ತ ಕಾರ್ಡು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಉಷ್ಣತೆಯಲ್ಲಿ ನಿರಂತರ ಓಡುವುದು ಚಿಪ್ಪಿಗೆ ಪದೇ ಪದೇ ಬಿಸಿಯಾಗಿ ತಣಿಯುವುದಕ್ಕಿಂತ ಹಗುರ. ಸವೆಯುವುದು ಫ್ಯಾನಿನ ಬೇರಿಂಗ್, ಒಣಗುವುದು ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ), ಜಿಡ್ಡು ಬಿಡುವುದು ಥರ್ಮಲ್ ಪ್ಯಾಡ್. ಇವನ್ನೆಲ್ಲ ಬದಲಿಸಬಹುದು. ನಿಮ್ಮ 580ಗಳ ಬಗ್ಗೆ ಮಾತ್ರ ಒಂದು ಅನುಮಾನವಿದೆ. ಹಳೆಯ ಮೈನರುಗಳು ಈ ಕಾರ್ಡುಗಳ ಸ್ವಂತ ಬಯೋಸ್‌ನಲ್ಲಿ ಮೆಮೊರಿಯ ಟೈಮಿಂಗ್ ತಿದ್ದಿ ಬರೆದು ಬಳಸುತ್ತಿದ್ದರು. ಡ್ರೈವರ್ ಕೈಕೊಡುವುದು, ಕಾರಣವಿಲ್ಲದೆ ಹ್ಯಾಂಗ್ ಆಗುವುದು ಅದರಿಂದಲೂ ಆಗುತ್ತದೆ. ಕೆಲವು ಕಾರ್ಡುಗಳ ಅಂಚಿನಲ್ಲಿ ಎರಡು ಬಯೋಸ್‌ಗಳ ನಡುವೆ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಕಂಪ್ಯೂಟರ್ ಆಫ್ ಇರುವಾಗ ಅದನ್ನು ಸರಿಸಿ ನೋಡಿ, ಇಲ್ಲದಿದ್ದರೆ ಅದೇ ಮಾದರಿಯ ಮೂಲ ಬಯೋಸ್ ಬರೆಸಿ.

ಕೋಣೆಯ ವಿಷಯಕ್ಕೆ ಬರುತ್ತೇನೆ. ರಿಗ್ ತಿನ್ನುವ ಪ್ರತಿ ವ್ಯಾಟೂ ಕೊನೆಗೆ ಬಿಸಿಯಾಗಿಯೇ ಹೊರಬೀಳುತ್ತದೆ. ಒಂದು ಕಿಲೋವ್ಯಾಟ್ ಎಂದರೆ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆಯೊಂದು ಹಗಲೂ ರಾತ್ರಿ ಆರದೆ ಕಾದಿರುವಂತೆ. ಏಪ್ರಿಲ್‌ನಲ್ಲಿ 38-40 ಡಿಗ್ರಿ ಮುಟ್ಟುವ ಊರಿನಲ್ಲಿ, ಶೀಟಿನ ಕೆಳಗೆ, ಟೇಬಲ್ ಫ್ಯಾನ್ ತಿರುಗಿಸಿದರೆ ಬಿಸಿ ಗಾಳಿಯನ್ನೇ ಸುತ್ತಿಸಿದಂತಾಗುತ್ತದೆ. ಗಾಳಿ ಹೊರಹೋಗಬೇಕು. ಕೋಣೆ ಹೊರಗಿಗಿಂತ ಹತ್ತು ಡಿಗ್ರಿಯಷ್ಟೇ ಹೆಚ್ಚಿರಬೇಕೆಂದರೆ ಪ್ರತಿ ಕಿಲೋವ್ಯಾಟಿಗೆ ಗಂಟೆಗೆ ಸುಮಾರು 300 ಘನ ಮೀಟರ್ ಗಾಳಿ ಬದಲಾಗಬೇಕು. 12 ಇಂಚಿನ ಎಕ್ಸಾಸ್ಟ್ ಫ್ಯಾನಿಗೆ ಇದು ಭಾರವಲ್ಲ, ಆದರೆ ಎದುರು ಗೋಡೆಯಲ್ಲಿ ಅಷ್ಟೇ ದೊಡ್ಡ ಒಳಗಿಂಡಿ ಇರಬೇಕು. ಆ ಕಿಂಡಿ ಮಿಲ್ಲಿನ ಕಡೆಗೆ ಬೇಡ. ಶೇಂಗಾ ಸಿಪ್ಪೆಯ ದೂಳು ಸಾಮಾನ್ಯ ದೂಳಿನಂತಲ್ಲ. ಎಣ್ಣೆಯ ಪಸೆಯಿಂದಾಗಿ ಅದು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂಥ ಪದರವಾಗಿ ಕೂರುತ್ತದೆ, ಊದಿದರೆ ಹಾರುವುದಿಲ್ಲ, ಬ್ರಷ್ ಹಾಕಿದರೆ ಸುರುಳಿಯಾಗಿ ಎದ್ದು ಬರುತ್ತದೆ, ಬೆಂಕಿ ತಾಗಿದರೆ ಹತ್ತಿಕೊಳ್ಳುತ್ತದೆ. ಕಂದಾದ ಕನೆಕ್ಟರ್ ಮತ್ತು ಈ ದೂಳು ಒಂದೇ ಕೋಣೆಯಲ್ಲಿದ್ದವು ಎಂಬುದೇ ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಆತಂಕ ತಂದ ಸಂಗತಿ. ಒಳಗಿಂಡಿಗೆ ಒಗೆಯಬಹುದಾದ ಜಾಲರಿ ಹಾಕಿ, ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಕಾರ್ಡುಗಳನ್ನು ಸ್ವಚ್ಛ ಮಾಡಿ, ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಕೋಣೆಯಲ್ಲಿ ಗೋಣಿಚೀಲ, ರಟ್ಟಿನ ಡಬ್ಬಿ ಇಡಬೇಡಿ, ಒಂದು ಹೊಗೆ ಎಚ್ಚರಿಕೆ ಗಂಟೆ ಹಾಕಿಸಿ.

ಪಂಪ್‌ಸೆಟ್ ಲೈನಿನ ಆಲೋಚನೆಯನ್ನು ಬಿಟ್ಟುಬಿಡಿ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಕೊಡುವ ಉಚಿತ ವಿದ್ಯುತ್ತು ನೀರೆತ್ತುವುದಕ್ಕೆ ಮಾತ್ರ. ಅದನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಅನಧಿಕೃತ ಬಳಕೆಯಾಗುತ್ತದೆ, ಅನ್ವಯವಾಗುವ ದರದ ಎರಡು ಪಟ್ಟು ಹಾಕಿ ವಸೂಲಿ ಮಾಡುತ್ತಾರೆ. ಎಂದಿನಿಂದ ಬಳಸಿದಿರಿ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೂ ಲೆಕ್ಕ ಹಾಕಬಹುದು. ತೋಟದ ಸಂಪರ್ಕವೂ ಹೋದರೆ ಬೆಳೆಯ ಗತಿಯೇನು?

ಹಣದ ಲೆಕ್ಕವನ್ನು ಮನೆಯವರ ಮುಂದೆ ಕುಳಿತು ಮಾಡಿ. ಚೆನ್ನಾಗಿ ಟ್ಯೂನ್ ಮಾಡಿದ ನಿಮ್ಮ ರಿಗ್ ಗೋಡೆಯಿಂದ 850 ವ್ಯಾಟ್ ಎಳೆದರೆ ತಿಂಗಳಿಗೆ 612 ಯೂನಿಟ್. ಯೂನಿಟ್ಟಿಗೆ 6ರಿಂದ 7 ರೂಪಾಯಿ ಹಿಡಿದರೆ ಸುಮಾರು 3,700ರಿಂದ 4,300 ರೂಪಾಯಿ. ಇದರ ಜೊತೆಗೆ, ಮನೆಗೆ ಈಗ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದ್ದರೆ, ಬಳಕೆ 200 ಯೂನಿಟ್ ದಾಟಿದ ತಿಂಗಳು ಆ ಸೌಲಭ್ಯವೂ ಇಲ್ಲ, ಇಡೀ ಬಿಲ್ಲನ್ನು ಕಟ್ಟಬೇಕು. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಸಾಲದಿದ್ದರೆ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಹೆಚ್ಚಿಸಿಕೊಳ್ಳಿ. ಗಳಿಕೆಗಾಗಿ ನಡೆಸುವ ಈ ಕೆಲಸಕ್ಕೆ ಗೃಹ ಬಳಕೆಯ ದರ ಅನ್ವಯವಾಗುತ್ತದೆಯೇ ಎಂಬುದನ್ನೂ ಅಲ್ಲಿಯೇ ಲಿಖಿತವಾಗಿ ಕೇಳಿ.

ಬರುವ ಕಡೆ ನೋಡಿದರೆ, ನೀವು ನೋಡಿರುವ ವಿಡಿಯೊಗಳು ಬಹುಶಃ 2021ರವು. ಆಗ ಈ ಕಾರ್ಡುಗಳಿಗೆ ಅನ್ನ ಹಾಕುತ್ತಿದ್ದುದು ಎಥೀರಿಯಂ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಜಗತ್ತಿನ ಗ್ರಾಫಿಕ್ಸ್ ಕಾರ್ಡುಗಳ ದೊಡ್ಡ ಪಾಲು ಉಳಿದ ಸಣ್ಣ ನಾಣ್ಯಗಳ ಕಡೆ ನುಗ್ಗಿ ಅವುಗಳ ಗಳಿಕೆಯೂ ಕುಸಿಯಿತು. ಬಿಟ್‌ಕಾಯಿನ್ ಅನ್ನು ಇಂಥ ಕಾರ್ಡುಗಳಿಂದ ತೆಗೆಯುವ ಕಾಲ ಅದಕ್ಕೂ ಬಹಳ ಮೊದಲೇ ಮುಗಿದಿತ್ತು, ಅದಕ್ಕೆಂದೇ ಮಾಡಿದ ಏಸಿಕ್ ಯಂತ್ರಗಳಿವೆ. ಬಿಟ್‌ಕಾಯಿನ್‌ನಲ್ಲಿ ಹಣ ಕೊಡುವ ಸಾಫ್ಟ್‌ವೇರ್ ಕೂಡ ನಿಮ್ಮ ಕಾರ್ಡಿನಲ್ಲಿ ತೆಗೆಯುವುದು ಬೇರೆ ನಾಣ್ಯವನ್ನು. 2022ರ ಸೆಪ್ಟೆಂಬರ್ ನಂತರ ನಾನು ನೋಡಿದ ಮನೆಯ ರಿಗ್‌ಗಳಲ್ಲಿ, ಬಿಲ್ ಕಟ್ಟಿ ಓಡಿಸಿದ ಯಾವುದೂ ಸಾಲ ತೀರಿಸುವಷ್ಟು ಉಳಿಸಿದ್ದನ್ನು ಕಂಡಿಲ್ಲ. ತೆರಿಗೆಯೂ ಇದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಮೈನಿಂಗಿಗೆ ಮಾಡಿದ ಮೂಲಸೌಕರ್ಯದ ಖರ್ಚನ್ನು ಕೊಂಡ ಬೆಲೆಯೆಂದು ಕಳೆಯಲು ಬರುವುದಿಲ್ಲ ಎಂದು ಸರ್ಕಾರ ಅದೇ ವರ್ಷ ಸಂಸತ್ತಿನಲ್ಲಿ ಹೇಳಿದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಆಗದು. ಮಾರುವ ಮುನ್ನ ಲೆಕ್ಕಪರಿಶೋಧಕರನ್ನು ಕಾಣಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನನ್ನ ತಮ್ಮನಿದ್ದರೆ ಎರಡೂ 580ಗಳನ್ನು ಮತ್ತು ಮೂರು 3060 ಟಿಐಗಳನ್ನು ಮಾರಿ ಸಾಲದ ಬಹುಪಾಲು ತೀರಿಸು, ಒಂದನ್ನು ಇಟ್ಟುಕೊಂಡು ಬೋರ್ಡಿನ ಸ್ಲಾಟಿಗೆ ರೈಸರಿಲ್ಲದೆ ನೇರವಾಗಿ ಹಾಕಿ ಬ್ಲೆಂಡರ್‌ನಲ್ಲಿ ಮೂರು ಆಯಾಮದ ಚಿತ್ರಗಳನ್ನೋ, ವಿಡಿಯೊ ಎಡಿಟಿಂಗನ್ನೋ, ಮೆಷಿನ್ ಲರ್ನಿಂಗನ್ನೋ ಕಲಿ ಎನ್ನುತ್ತಿದ್ದೆ. ಆರನ್ನೂ ಓಡಿಸಲೇಬೇಕೆಂದಿದ್ದರೆ ಮೇಲೆ ಹೇಳಿದ ವೈರಿಂಗ್, ರೈಸರ್, ಎಕ್ಸಾಸ್ಟ್ ಖರ್ಚನ್ನು ಮೊದಲು ಬರೆದು, ಅದು ಎಷ್ಟು ತಿಂಗಳ ಉಳಿತಾಯಕ್ಕೆ ಸಮ ಎಂದು ನೋಡಿ. ನಡುವಿನ ದಾರಿಯೂ ಒಂದಿದೆ. 580ಗಳನ್ನು ಮಾತ್ರ ಮಾರಿ ನಾಲ್ಕು 3060 ಟಿಐಗಳನ್ನು ಎರಡೆರಡಾಗಿ ಎರಡು ಎಸ್‌ಎಂಪಿಎಸ್‌ಗಳಿಗೆ ಹಂಚಿದರೆ ಹೊರೆ ಹಗುರ, ಎರಡು ಬಗೆಯ ಡ್ರೈವರುಗಳ ಜಗಳವೂ ಇಲ್ಲ. ಆದರೆ ಕರೆಂಟಿನ ಬಿಲ್ಲಿನ ಪ್ರಶ್ನೆ ಅಲ್ಲಿಯೂ ಹಾಗೆಯೇ ಇರುತ್ತದೆ.

ಮಾರುವುದೇ ಆದರೆ ಮೈನಿಂಗ್ ಮಾಡಿದ ಕಾರ್ಡು ಎಂದು ಹೇಳಿಯೇ ಮಾರಿ. ಮೊದಲು ಮೂಲ ಬಯೋಸ್ ಹಾಕಿ, ಪೇಸ್ಟ್ ಬದಲಿಸಿ, ಕೊಳ್ಳುವವರ ಎದುರಿಗೆ ಮೂಲ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಉಷ್ಣತೆ ತೋರಿಸಿ. ಹೀಗೆ ತೋರಿಸಿದ ಕಾರ್ಡಿಗೆ ಸಿಗುವ ಬೆಲೆ ಡಬ್ಬಿಯಲ್ಲಿ ಮುಚ್ಚಿ ಕೊಟ್ಟದ್ದಕ್ಕೆ ಸಿಗುವುದಿಲ್ಲ.